ಏಳು ಮಿಲಿಮೀಟರ್, ಬಿಳಿ, ದುಂಡು

ಮನೆಯ ಔಷಧಿಗಳನ್ನೆಲ್ಲ ಶಿಸ್ತಿಗೆ ತಂದೇ ತೀರುತ್ತೇನೆ ಎಂದು ನಾನು ಪಣ ತೊಟ್ಟದ್ದು ಒಂದು ಶುಭ ಸೋಮವಾರ. ಶುಭ ಎಂದು ಆಗ ಅನ್ನಿಸಿತ್ತು! ಬಸ್ ವರ್ಕ್‌ಶಾಪಿನ ಸ್ಟೋರ್ಸಿನಲ್ಲಿ ಮೂವತ್ತಮೂರು ವರ್ಷ ಸ್ಟೋರ್‌ಕೀಪರ್ ಆಗಿದ್ದವನು ನಾನು. ಹನ್ನೊಂದು ಸಾವಿರ ಬಗೆಯ ಸಾಮಾನು ನನ್ನ ಸುಪರ್ದಿನಲ್ಲಿದ್ದವು. ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಬಿಟ್ಟರೂ ಹಿಂದಿನ ಚಕ್ರದ ವಾಷರ್ ಯಾವುದು, ಮುಂದಿನ ಚಕ್ರದ್ದು ಯಾವುದು ಎಂದು ಮುಟ್ಟಿ ಹೇಳುತ್ತಿದ್ದೆ. ಅಂಥ ಮಹಾನುಭಾವನಿಗೆ ಗಂಡ ಹೆಂಡತಿ ಇಬ್ಬರು ನುಂಗುವ ಒಂದು ಹಿಡಿ ಮಾತ್ರೆ ಯಾವ ಲೆಕ್ಕ?

ಆ ಸೋಮವಾರ ಬೆಳಿಗ್ಗೆ ನನ್ನ ಬಿ.ಪಿ. ಮಾತ್ರೆ ಸಿಗದೆ ನಲವತ್ತು ನಿಮಿಷ ಹುಡುಕಿದ್ದೆ. ಹುಡುಕಿ ಹುಡುಕಿ ಇದ್ದ ಬಿ.ಪಿ.ಯೂ ಏರಿತು. ಕೊನೆಗೆ ಅದು ನನ್ನ ಹಳೆಯ ಕನ್ನಡಕದ ಡಬ್ಬಿಯಲ್ಲಿತ್ತು. ಅದನ್ನು ಅಲ್ಲಿ ಇಟ್ಟವನು ನಾನೇ ಎಂಬುದು ನೆನಪಾಯಿತಾದರೂ ಆ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ.

ನನ್ನಾಕೆ ಟೈಲರ್. ಅರವತ್ತೈದಾದರೂ ಬೀದಿಯ ಮಕ್ಕಳ ಶಾಲೆಯ ಅಂಗಿಗಳನ್ನು ಇವತ್ತಿಗೂ ಅವಳೇ ಹೊಲಿಯುತ್ತಾಳೆ. ಅವಳ ಮಾತ್ರೆಗಳೆಲ್ಲ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿ, ಸೂಜಿ, ಟೇಪುಗಳ ನಡುವೆ ಸಂಸಾರ ಮಾಡಿಕೊಂಡಿದ್ದವು. ಒಂದೊಂದು ಸ್ಟ್ರಿಪ್ಪಿಗೂ ಒಂದೊಂದು ಬಣ್ಣದ ದಾರ ಸುತ್ತಿಟ್ಟಿರುತ್ತಿದ್ದಳು. ಥೈರಾಯ್ಡಿಗೆ ನೀಲಿ, ಬಿ.ಪಿ.ಗೆ ಕೆಂಪು. ಸ್ಟೋರ್‌ಕೀಪರನ ಮನೆಯಲ್ಲಿ ಇಂಥ ಅನಾಗರಿಕ ವ್ಯವಸ್ಥೆ! ನನಗೆ ನಾಚಿಕೆಯಾಯಿತು. ಔಷಧಿಗಳಿಗೊಂದು ಸ್ಟೋರ್ಸ್ ಮಾಡುತ್ತೇನೆ ಎಂದು ಅವಳ ಮುಂದೆ ಘೋಷಿಸಿದೆ.

ಅವಳು ಅಂಗಿಯ ತೋಳಿಗೆ ಕಫ್ ಕೂಡಿಸುತ್ತಿದ್ದಳು. ತಲೆ ಎತ್ತದೆ, "ಮಾತ್ರೆ ಅಂದ್ರೆ ನಟ್ಟು ಬೋಲ್ಟು ಅಲ್ಲ ರೀ. ನನ್ನ ಡ್ರಾಯರಿಗೆ ಕೈ ಹಾಕ್ಬೇಡಿ" ಎಂದಳು.

ಆದರೆ ಮರುದಿನವೇ ಅವಳ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಎಂದು ನಾಲ್ಕು ದಿನದ ಮಟ್ಟಿಗೆ ಅಲ್ಲಿಗೆ ಹೋಗಬೇಕಾಯಿತು. ನಾಲ್ಕು ದಿನಕ್ಕೆ ಬೇಕಾದ ಮಾತ್ರೆಗಳನ್ನು ದಾರ ಸಮೇತ ಕತ್ತರಿಸಿ ಪರ್ಸಿಗೆ ಹಾಕಿಕೊಂಡು ಹೊರಟಳು. ಅವಳ ಆಟೋ ಬೀದಿಯ ತಿರುವು ದಾಟಿತೋ ಇಲ್ಲವೋ, ನಾನು ಅಂಗಿಯ ತೋಳು ಮಡಚಿದೆ.

ಮೊದಲು ದಾಸ್ತಾನು ತಪಾಸಣೆ. ಅಬ್ಬಬ್ಬಾ! ಮನೆಯ ಮೂಲೆಮೂಲೆಯಿಂದ ಹೊರಬಂದ ಸರಕನ್ನು ನೋಡಿ ನಾನು ದಂಗಾಗಿ ನೆಲದ ಮೇಲೆ ಕುಳಿತುಬಿಟ್ಟೆ. ಫ್ರಿಜ್ಜಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಸಂಸಾರ, ಕನ್ನಡಿಯ ಹಿಂದೆ ಇನ್ನೊಂದು, ಟಿ.ವಿ.ಯ ಕೆಳಗೆ ಮತ್ತೊಂದು. ಗಟ್ಟಿಯಾಗಿ ಕಲ್ಲಾದ ಕೆಮ್ಮಿನ ಸಿರಪ್ಪು, ಅರ್ಧಕ್ಕೇ ಬಿಟ್ಟ ಹಲ್ಲುನೋವಿನ ಕೋರ್ಸು, ಯಾರ ಕಣ್ಣಿನದೋ ತಿಳಿಯದ ಕಣ್ಣಿನ ಡ್ರಾಪ್ಸು, ಪ್ರಯಾಣದಲ್ಲಿ ವಾಂತಿಯಾಗದಿರಲೆಂದು ನಾಲ್ಕು ವರ್ಷದ ಹಿಂದೆ ತಂದು ಮರೆತ ಮಾತ್ರೆ. ಎಲ್ಲಕ್ಕಿಂತ ಮಿಗಿಲಾಗಿ, ತೀರಿಹೋಗಿ ಐದು ವರ್ಷವಾದ ನಮ್ಮ ನಾಯಿಯ ಹೊಟ್ಟೆಹುಳುವಿನ ಮಾತ್ರೆ! ಅದು ನನ್ನ ವಿಟಮಿನ್ ಮಾತ್ರೆಗಳ ಪಕ್ಕದಲ್ಲೇ ಇತ್ತು. ಕಳೆದ ವರ್ಷ ನಾನು ನುಂಗಿದ ವಿಟಮಿನ್ನುಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡು ಬೆವೆತೆ.

ಅವುಗಳನ್ನೆಲ್ಲ ಆಗಲೇ ಬಿಸಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ಟೋರ್‌ಕೀಪರ್ ಸಾಮಾನು ಬಿಸಾಡುವುದುಂಟೇ? ನಾಯಿಯದೊಂದನ್ನು ಬಿಟ್ಟು ಉಳಿದದ್ದೆಲ್ಲ ದಾಸ್ತಾನಿಗೆ ಸೇರಿತು. ಬಿಸಾಡಿದ್ದು ಪ್ಯಾಕಿಂಗನ್ನು ಮಾತ್ರ. ಪ್ಯಾಕಿಂಗ್ ಸಾಮಾನನ್ನು ಸ್ಟೋರ್ಸಿನಲ್ಲಿ ಇಡಬಾರದು ಎಂಬುದು ನಮ್ಮ ಮೊದಲ ನಿಯಮ. ಎರಡು ಮಧ್ಯಾಹ್ನ ಕುಳಿತು ಅಷ್ಟೂ ಸ್ಟ್ರಿಪ್ಪುಗಳಿಂದ ಮಾತ್ರೆಗಳನ್ನು ಪಟಪಟನೆ ಒತ್ತಿ ತೆಗೆದೆ. ಹೆಬ್ಬೆರಳು ಬಾತುಕೊಂಡಿತು. ಖಾಲಿ ಸ್ಟ್ರಿಪ್ಪುಗಳು, ಪೆಟ್ಟಿಗೆಗಳು, ನೀಲಿ ಕೆಂಪು ದಾರಗಳು ಕಸದ ಗಾಡಿ ಹತ್ತಿದವು.

ಆಮೇಲೆ ವರ್ಗೀಕರಣ. ಇಲ್ಲೇ ನನ್ನ ಮೇಧಾಶಕ್ತಿ ಬೆಳಗಿದ್ದು. ಅವಳ ಥೈರಾಯ್ಡ್ ಮಾತ್ರೆ, ಇಬ್ಬರೂ ನುಂಗುವ ಬಿ.ಪಿ. ಮಾತ್ರೆ, ನನ್ನ ಕಾಲಿನ ಊತಕ್ಕೆಂದು ಮೈಯ ನೀರು ಇಳಿಸಲು ಕೊಟ್ಟಿದ್ದ ಮಾತ್ರೆ, ಈ ಮೂರೂ ನೋಡಲು ಒಂದೇ ಥರ ಇದ್ದವು. ಪುಟ್ಟವು, ಬಿಳಿ, ದುಂಡು. ನನಗೆ ತಟ್ಟನೆ ಅನುಮಾನ ಬಂತು. ವರ್ಕ್‌ಶಾಪಿನಲ್ಲಿ ಒಮ್ಮೆ ಒಂದೇ ಬೇರಿಂಗು ಮೂರು ಕಂಪನಿಗಳ ಮೂರು ಹೆಸರಿನಲ್ಲಿ ಮೂರು ಕಪಾಟುಗಳಲ್ಲಿ ಕುಳಿತಿದ್ದನ್ನು ಅಳತೆ ಮಾಡಿ ಪತ್ತೆ ಹಚ್ಚಿದವನು ನಾನು. ಮ್ಯಾನೇಜರೇ ಕೈ ಕುಲುಕಿದ್ದರು, ಪ್ರಶಂಸಾಪತ್ರ ಕೊಟ್ಟಿದ್ದರು. ಕೂಡಲೇ ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. ಮೂರೂ ಏಳು ಮಿಲಿಮೀಟರ್ ಅಗಲ, ಎರಡೂವರೆ ಮಿಲಿಮೀಟರ್ ದಪ್ಪ! ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ, ತೂಕವೂ ಒಂದೇ. ಅಂದರೆ ಒಂದೇ ಸರಕಿಗೆ ಮೂರು ಹೆಸರಿಟ್ಟು ಔಷಧಿ ಕಂಪನಿಗಳು ಜನರ ಕಣ್ಣಿಗೆ ಮಣ್ಣೆರಚುತ್ತಿವೆ! ಎಂಥ ಮೋಸ! ಡಾಕ್ಟರುಗಳಿಗೂ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ವಾಷರುಗಳನ್ನು ಪೇರಿಸಿಡುವ ಮೊಳದುದ್ದದ ಪ್ಲಾಸ್ಟಿಕ್ ಕೊಳವೆಯೊಂದು ನಿವೃತ್ತಿಯಾದಾಗ ನನ್ನ ಜತೆಗೇ ಮನೆಗೆ ಬಂದಿತ್ತು. ಎರಡೂ ಕಡೆ ಮುಚ್ಚಳ. ಅದರೊಳಗೆ ಮಾತ್ರೆಗಳು ಹೇಳಿ ಮಾಡಿಸಿದಂತೆ ಒಂದರ ಮೇಲೊಂದು ಕುಳಿತವು. ಮೊದಲು ಅವಳ ಡ್ರಾಯರಿನ ಥೈರಾಯ್ಡ್ ಐವತ್ತು, ಅದರ ಮೇಲೆ ಬಿ.ಪಿ.ಯದು ಅರವತ್ತು, ತುದಿಯಲ್ಲಿ ನೀರಿಳಿಸುವುದು ನಲವತ್ತೈದು. ಒಟ್ಟು ನೂರ ಐವತ್ತೈದು. ಕೊಳವೆಗೆ ಚೀಟಿ ಅಂಟಿಸಿದೆ: "ಏಳು ಮಿಲಿಮೀಟರ್, ಬಿಳಿ, ದುಂಡು." ಉಳಿದವು ಬಣ್ಣ, ಆಕಾರಗಳ ಪ್ರಕಾರ ಎಂಟು ಡಬ್ಬಿಗಳಿಗೆ ಹೋದವು. ಎಲ್ಲವನ್ನೂ ಇಟ್ಟ ನಡುಮನೆಯ ಕಪಾಟಿಗೆ ಬೀಗ ಬಿತ್ತು. ಬೀಗದ ಕೈ ನನ್ನ ಸೊಂಟಕ್ಕೆ ಬಂತು.

ಅವಳು ಊರಿಂದ ಬಂದವಳೇ ಖಾಲಿ ಡ್ರಾಯರ್ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸ್ಟೋರ್ಸಿನ ಒಳಕ್ಕೆ ಯಾರಿಗೂ ಪ್ರವೇಶವಿಲ್ಲವೆಂದೂ, ಹೊತ್ತಿಗೆ ಸರಿಯಾಗಿ ಮಾತ್ರೆ ಅವಳಿದ್ದಲ್ಲಿಗೇ ಬರುವುದೆಂದೂ ತಿಳಿಸಿದೆ. ನಿತ್ಯ ನುಂಗುವುದನ್ನು ಬಿಟ್ಟು ಬೇರೇನಾದರೂ ಬೇಕಿದ್ದರೆ ಇಂಡೆಂಟ್, ಅಂದರೆ ಬೇಡಿಕೆಯ ಚೀಟಿ, ಬರೆದುಕೊಡಬೇಕು ಎಂದೂ ಹೇಳಿದೆ. ಅವಳು ಅಳತೆ ಬರೆಯುವ ಪುಸ್ತಕದ ಹಾಳೆ ಹರಿದು ಏನೋ ಗೀಚಿ ಕೈಗಿತ್ತಳು. "ತಲೆನೋವಿನ ಮಾತ್ರೆ, ಒಂದು. ಕಾರಣ: ಗಂಡ." ನಿಯಮದ ಪ್ರಕಾರ ಅದನ್ನು ಫೈಲು ಮಾಡಿದೆ.

ದಿನಕ್ಕೆ ಅವಳಿಗೆ ಬಿಳಿಯವು ಎರಡು, ನನಗೆ ಎರಡು. ಹಳೆಯ ಸರಕು ಮೊದಲು ಖರ್ಚಾಗಬೇಕು ಎಂಬುದು ಸ್ಟೋರ್ಸಿನ ಧರ್ಮ. ಕೊಳವೆಯ ಬುಡದಲ್ಲಿರುವುದು ಹಳೆಯದು, ತುದಿಯಲ್ಲಿರುವುದು ಹೊಸದು. ಆದರೆ ಕಟ್ಟಿಕೊಂಡ ಹೆಂಡತಿಗೆ ಹಳೆಯ ಸರಕು ಕೊಡಲು ಮನಸ್ಸಾದರೂ ಹೇಗೆ ಬಂದೀತು? ಹಳೆಯದು ನನಗಿರಲಿ, ಹೊಸದು ಅವಳಿಗಿರಲಿ ಎಂದು ಮೂವತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ನಿಯಮ ಮುರಿದೆ. ಬುಡದಿಂದ ಎರಡು ತೆಗೆದು ನಾನು ನುಂಗಿದೆ. ತುದಿಯಿಂದ ಎರಡು ತೆಗೆದು ಅವಳಿಗೆ ಕೊಟ್ಟೆ. ಅವಳು ಅಂಗೈಯಲ್ಲಿದ್ದ ಪುಟ್ಟ ಬಿಳಿ ಮಾತ್ರೆಗಳನ್ನು ನೋಡಿ, ನನ್ನ ಮುಖ ನೋಡಿ, ನುಂಗಿದಳು. ನಾನು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೆ.

ಎರಡನೆಯ ವಾರಕ್ಕೆ ನನ್ನ ಮೈಯಲ್ಲಿ ಒಂದು ಪವಾಡ ನಡೆಯತೊಡಗಿತು. ಬೆಳಗಿನ ಜಾವಕ್ಕೇ ಎಚ್ಚರ! ಕುಳಿತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಫ್ಯಾನುಗಳನ್ನು ಒರೆಸಿದೆ. ಪರದೆಗಳನ್ನು ಒಗೆದೆ. ಒಗೆದ ಪರದೆಗಳನ್ನು ಇಸ್ತ್ರಿ ಮಾಡಿದೆ. ಮದುವೆಯಾಗಿ ನಲವತ್ತೆರಡು ವರ್ಷಗಳಲ್ಲಿ ಕಾಫಿ ಲೋಟವನ್ನೂ ತೊಳೆಯದಿದ್ದವನು ಸೀಟಿ ಹೊಡೆಯುತ್ತ ಪಾತ್ರೆಗಳನ್ನೆಲ್ಲ ಉಜ್ಜಿ ಬೋರಲು ಹಾಕಿದೆ! ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹೊಡೆದೆ. ಕೈ ಸ್ವಲ್ಪ ನಡುಗುತ್ತಿತ್ತು, ಎದೆ ಢವಢವ ಎನ್ನುತ್ತಿತ್ತು, ಸುಮ್ಮಸುಮ್ಮನೆ ಬೆವರು ಕಿತ್ತುಕೊಳ್ಳುತ್ತಿತ್ತು. ಕಾಲು ಮಾತ್ರ ಮತ್ತೆ ಬಾತುಕೊಂಡಿತ್ತು. ಇದೆಲ್ಲ ಕೆಲಸ ಮಾಡಿದ್ದರ ಫಲ, ಶಿಸ್ತಿನ ಬದುಕಿನ ಮಹಿಮೆ ಎಂದುಕೊಂಡೆ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಉಪದೇಶ ಮಾಡಿದೆ.

ಅತ್ತ ನನ್ನಾಕೆ ಬಾಡುತ್ತ ಬಂದಳು. ಹತ್ತು ಹೊಲಿಗೆಗೊಮ್ಮೆ ಎದ್ದು ಬಚ್ಚಲುಮನೆಗೆ ಓಡುವಳು. ಬಾಯಿ ಒಣಗುತ್ತದೆ ಎನ್ನುವಳು. ಏಳುವಾಗ ತಲೆ ತಿರುಗುತ್ತದೆ ಎಂದು ಗೋಡೆ ಹಿಡಿಯುವಳು. ಒಂದು ದಿನ ಎದುರುಮನೆಯ ಮಗುವಿನ ಶಾಲೆಯ ಅಂಗಿಗೆ ಎರಡೂ ಕಡೆ ಎಡತೋಳೇ ಕೂಡಿಸಿಬಿಟ್ಟಳು! ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ, ಆ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕುಳಿತಿದ್ದಳು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಬರಲಿಲ್ಲ. ತಲೆಸುತ್ತಿಗೆ ಇಂಡೆಂಟ್ ಬರೆಸಿಕೊಂಡು ಹಳದಿ ಡಬ್ಬಿ ತೆರೆದೆ. ಪ್ರಯಾಣದ ವಾಂತಿಗೆಂದು ತಂದ ನಾಲ್ಕು ವರ್ಷದ ಹಳೆಯ ಮಾತ್ರೆ ತಲೆಸುತ್ತಿಗೂ ಆಗುತ್ತದೆ ಎಂದು ಯಾರೋ ಹೇಳಿದ ನೆನಪಿತ್ತು. ದಿನಕ್ಕೊಂದು ಕೊಟ್ಟೆ. ಅವಳು ಹಗಲೆಲ್ಲ ಕತ್ತರಿ ಹಿಡಿದುಕೊಂಡೇ ತೂಕಡಿಸತೊಡಗಿದಳು. ತೂಕಡಿಕೆಗೆ ಯಾವ ಡಬ್ಬಿ ತೆರೆಯಲಿ ಎಂದು ನಾನು ರಿಜಿಸ್ಟರ್ ತಿರುವುತ್ತಿದ್ದಾಗಲೇ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ಓಡಿಹೋಗಿ ನೋಡುತ್ತೇನೆ, ಅವಳು ಸಿಂಕಿನ ಕೆಳಗೆ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದಳು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದೆ, ಉತ್ತರವಿಲ್ಲ.  ಹನ್ನೊಂದು ಸಾವಿರ ಸಾಮಾನಿನ ಜಾಗ ನೆನಪಿದ್ದವನಿಗೆ ಫೋನ್ ಎಲ್ಲಿದೆ ಎಂಬುದು ನೆನಪಾಗಲಿಲ್ಲ. ಅದು ನನ್ನ ಜೇಬಿನಲ್ಲೇ ಇತ್ತು. ನಲವತ್ತೆರಡು ವರ್ಷ ಜತೆಗಿದ್ದವಳು ಇಲ್ಲದ ಮನೆಯನ್ನು ಆ ಒಂದು ಗಳಿಗೆಯಲ್ಲಿ ಕಂಡೆ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ರಕ್ತ ತೆಗೆದರು. ಡ್ರಿಪ್ ಹಾಕಿದರು. ಮೈಯಲ್ಲಿ ಉಪ್ಪಿನ ಅಂಶ ತೀರಾ ಕೆಳಗಿಳಿದಿದೆ, ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಆಮೇಲೆ ಯಾವ ಯಾವ ಔಷಧಿ ನುಂಗುತ್ತಿದ್ದಾರೆ ಎಂದು ಕೇಳಿದರು. ಇಷ್ಟು ಹೆದರಿಕೆಯ ನಡುವೆಯೂ ನನಗೊಂದು ಚೂರು ಹೆಮ್ಮೆಯಾಯಿತೆಂದರೆ ನೀವು ನಂಬಬೇಕು! ಮನೆಗೆ ಓಡಿ ಕೊಳವೆ, ಡಬ್ಬಿ, ರಿಜಿಸ್ಟರುಗಳನ್ನು ತಂದು ಮೇಜಿನ ಮೇಲೆ ಜೋಡಿಸಿದೆ. ಒಂದೇ ಸರಕಿಗೆ ಮೂರು ಹೆಸರಿಟ್ಟ ಕಂಪನಿಗಳ ಮೋಸವನ್ನೂ ಬಯಲು ಮಾಡಿದೆ.

ಡಾಕ್ಟರಮ್ಮ ಕೊಳವೆಯನ್ನು ಕೈಗೆತ್ತಿಕೊಂಡರು. ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಆಸ್ಪತ್ರೆಯ ಔಷಧಿ ಕೌಂಟರಿನಾಕೆಯನ್ನು ಕರೆಸಿದರು. ಆಕೆ ದಪ್ಪ ಕನ್ನಡಕದವರು, ಮಿತಭಾಷಿ. ಕೊಳವೆಯ ಮುಚ್ಚಳ ತೆಗೆದು ಮಾತ್ರೆಗಳನ್ನು ತಟ್ಟೆಯ ಮೇಲೆ ಉದ್ದಕ್ಕೆ ಸಾಲಾಗಿ ಇಳಿಸಿದರು. ದೀಪದ ಕೆಳಗೆ ಬಗ್ಗಿ ನೋಡಿ ಸಾಲನ್ನು ಎರಡು ಕಡೆ ಬೆರಳಿನಿಂದ ಕತ್ತರಿಸಿದರು. ಮೂರು ಗುಂಪಾಯಿತು.

"ಇದಕ್ಕೆ ನಡುವೆ ಗೆರೆ ಇದೆ. ಇದಕ್ಕೆ ಅಕ್ಷರ ಇದೆ. ಇದು ನುಣುಪು. ಮೂರೂ ಬೇರೆ ಬೇರೆ ಔಷಧಿ" ಎಂದು ಹೇಳಿ ಭೂತಗನ್ನಡಿಯನ್ನು ನನ್ನ ಕೈಗಿತ್ತರು.

ನೋಡಿದೆ. ಗೆರೆ ಇತ್ತು! ಅಕ್ಷರವೂ ಇತ್ತು! ನನ್ನ ಕ್ಯಾಲಿಪರ್ ಅಗಲ ಅಳೆದಿತ್ತು, ದಪ್ಪ ಅಳೆದಿತ್ತು, ಒಳಗೇನಿದೆ ಎಂದು ಅಳೆದಿರಲಿಲ್ಲ. 

ಆಕೆ ಎಣಿಸಿದರು. ನೀರಿಳಿಸುವ ಮಾತ್ರೆ ನಲವತ್ತೈದರಲ್ಲಿ ಉಳಿದದ್ದು ಮೂರು. ಬಿ.ಪಿ.ಯದು ಅರವತ್ತಕ್ಕೆ ಅರವತ್ತೂ ಇತ್ತು. ಥೈರಾಯ್ಡ್ ಐವತ್ತರಲ್ಲಿ ಉಳಿದದ್ದು ಎಂಟು. ಮೂರು ವಾರದಲ್ಲಿ ನಾನು ವಿತರಿಸಿದ್ದು ಎಂಬತ್ತನಾಲ್ಕು. ರಿಜಿಸ್ಟರಿಗೂ ತಟ್ಟೆಗೂ ಒಂದೇ ಒಂದು ಮಾತ್ರೆಯ ವ್ಯತ್ಯಾಸವಿರಲಿಲ್ಲ!

"ನಿಮ್ಮ ಲೆಕ್ಕ ಪಕ್ಕಾ ಇದೆ" ಎಂದರು ಡಾಕ್ಟರಮ್ಮ. "ನಿಮ್ಮ ಕಾಲಿನ ಊತದ ಮಾತ್ರೆ ದಿನಕ್ಕೆ ಎರಡರ ಹಾಗೆ ಇವರ ಹೊಟ್ಟೆಗೆ ಹೋಗಿದೆ. ಇವರ ಥೈರಾಯ್ಡ್ ಮಾತ್ರೆ ಒಂದೂ ಇವರಿಗೆ ಸಿಕ್ಕಿಲ್ಲ. ಬಿ.ಪಿ.ಯದನ್ನ ನೀವಿಬ್ಬರೂ ಮುಟ್ಟೇ ಇಲ್ಲ. ಸಾಲದ್ದಕ್ಕೆ ಆ ಹಳದಿ ಮಾತ್ರೆ. ಈ ವಯಸ್ಸಲ್ಲಿ ಅದು ತಲೆಸುತ್ತು ಇಳಿಸೋದಿಲ್ಲ, ಮನುಷ್ಯರನ್ನೇ ಬೀಳಿಸತ್ತೆ. ಅದೂ ಅವಧಿ ಮುಗಿದದ್ದು." ಆಮೇಲೆ ನನ್ನ ಕೈಯನ್ನೇ ನೋಡಿದರು. "ಕೈ ಯಾಕೆ ನಡುಗ್ತಿದೆ? ನಿಮ್ಮ ರಕ್ತಾನೂ ತೆಗೀಬೇಕು."

ಅವರು ಹೇಳಿಕೊಟ್ಟದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದೆ. ಸ್ಟ್ರಿಪ್ಪಿನಿಂದ ಮಾತ್ರೆ ತೆಗೆದಿಡಬಾರದು, ಹೆಸರೂ ಅವಧಿಯೂ ಅದರ ಮೇಲೇ ಇರುವುದು. ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬಾರದು. ಹೊಸ ತೊಂದರೆ ಕಂಡರೆ ಹೊಸ ಮಾತ್ರೆ ಹುಡುಕುವ ಮೊದಲು ಹಳೆಯ ಮಾತ್ರೆಗಳೇ ಕಾರಣವೋ ಎಂದು ಡಾಕ್ಟರನ್ನು ಕೇಳಬೇಕು. ಹಳೆಯ ದಾಸ್ತಾನನ್ನೆಲ್ಲ ಔಷಧಿ ಕೌಂಟರಿನಾಕೆ ಅಲ್ಲೇ ವಶಪಡಿಸಿಕೊಂಡರು. ಇಬ್ಬರೂ ನುಂಗುವ ಔಷಧಿಗಳ ಪಟ್ಟಿಯೊಂದನ್ನು ಬರೆದು ಯಾವಾಗಲೂ ಜತೆಗಿಟ್ಟುಕೊಳ್ಳಬೇಕೆಂದೂ ಡಾಕ್ಟರಮ್ಮ ಹೇಳಿದರು. ಬಣ್ಣದ ದಾರದ ಕಥೆ ಕೇಳಿ, ಅದಕ್ಕೇನಾಗಿತ್ತು, ಚೆನ್ನಾಗೇ ಇತ್ತಲ್ಲ ಎಂದರು.

ಮೂರನೆಯ ದಿನ ನನ್ನಾಕೆ ದಿಂಬಿಗೊರಗಿ ಕುಳಿತು ಕಾಫಿ ಕೇಳಿದಳು. ಮುಖಕ್ಕೆ ಕಳೆ ಬಂದಿತ್ತು. ಮೂರು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ನಿನಗೆ ಒಂದು ದಿನಾನೂ ಅನುಮಾನ ಬರ್ಲಿಲ್ವಾ?"

"ಬಂದಿತ್ತು. ಮೊದಲನೇ ವಾರಾನೇ ಬಂತು."

"ಮತ್ತೆ ಯಾಕೆ ಕೇಳ್ಲಿಲ್ಲ?"

ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಕೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನಿಮ್ಮನ್ನ ನೋಡಿದೆ. ರಿಟೈರ್ ಆಗಿ ಎಂಟು ವರ್ಷ ಕಿಟಕಿ ಪಕ್ಕ ಕುರ್ಚಿ ಹಾಕ್ಕೊಂಡು ಮಂಕಾಗಿ ಕೂತಿದ್ರಿ. ಈಗ ನೋಡಿದ್ರೆ ಸೀಟಿ ಹೊಡ್ಕೊಂಡು ಪಾತ್ರೆ ತೊಳೀತಿದೀರಿ. ಕೈಗೊಂದು ಕೆಲಸ, ಸೊಂಟಕ್ಕೊಂದು ಬೀಗದ ಕೈ ಸಿಕ್ಕಿದ್ದೇ ಮನುಷ್ಯ ಗೆಲುವಾಗಿದಾರೆ, ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

ನನ್ನ ಕಣ್ಣು ತುಂಬಿ ಬಂತು. ನನ್ನ ಗೆಲುವು ಕೆಡಬಾರದೆಂದು ಇವಳು ಪ್ರಾಣವನ್ನೇ ಪಣಕ್ಕಿಟ್ಟಿದ್ದಳಲ್ಲ! ಅವಳ ಕೈ ಹಿಡಿದುಕೊಂಡೆ. ಇನ್ನು ಮುಂದೆ ಅನುಮಾನ ಬಂದರೆ ಬಾಯಿಬಿಟ್ಟು ಕೇಳಬೇಕು ಎಂದು ಆಣೆ ಹಾಕಿಸಿಕೊಂಡೆ. ಅಷ್ಟರಲ್ಲಿ ಡಾಕ್ಟರಮ್ಮ ನನ್ನ ರಕ್ತದ ರಿಪೋರ್ಟ್ ಹಿಡಿದುಕೊಂಡು ಒಳಗೆ ಬಂದರು. ಅವಳ ಕೊನೆಯ ಮಾತು ಅವರ ಕಿವಿಗೂ ಬಿದ್ದಿತ್ತು.

"ಅದು ಗೆಲುವಲ್ಲಮ್ಮ" ಎಂದರು. "ನಿಮ್ಮ ಥೈರಾಯ್ಡ್ ಮಾತ್ರೆ."

ಡಾಕ್ಟರಮ್ಮ ರಿಪೋರ್ಟನ್ನು ನನ್ನ ಮುಂದೆ ಹಿಡಿದರು.

"ಬುಡದಿಂದ ತೆಗೆದು ದಿನಕ್ಕೆ ಎರಡು ನುಂಗಿದಾರೆ. ಅದಕ್ಕೇ ಎದೆಬಡಿತ, ಬೆವರು, ನಡುಕ, ನಿದ್ದೆ ಇಲ್ದೆ ಓಡಾಟ. ಹೃದಯ ತಡ್ಕೊಂಡಿದ್ದು ಪುಣ್ಯ. ಈಗ ನಿಲ್ಲಿಸಿದೀವಲ್ಲ, ಕೆಲವು ವಾರದಲ್ಲಿ ಮೊದಲಿನ ಹಾಗೇ ಆಗ್ತಾರೆ."

ಫ್ಯಾನು ಒರೆಸಿದ್ದು, ಪರದೆ ಒಗೆದದ್ದು, ಬೀದಿಯಲ್ಲಿ ಉಪದೇಶ ಮಾಡಿದ್ದು, ಯಾವುದೂ ನಾನಲ್ಲ! ಮೂರು ವಾರ ನನ್ನೊಳಗೆ ಓಡಾಡಿದ್ದು ಏಳು ಮಿಲಿಮೀಟರಿನ ಮಾತ್ರೆ! ನಾನು ಬಾಯಿ ತೆರೆದುಕೊಂಡು ನಿಂತಿದ್ದರೆ ನನ್ನಾಕೆ ಏನನ್ನೋ ಲೆಕ್ಕ ಹಾಕುತ್ತಿದ್ದಳು.

"ಮೊದಲಿನ ಹಾಗೆ ಅಂದ್ರೆ, ಆ ಕಿಟಕಿ ಕುರ್ಚಿಗಾ ಡಾಕ್ಟ್ರೇ?" ಎಂದು ಕೇಳಿದಳು. "ವಾರಕ್ಕೆ ಒಂದಾದ್ರೂ ಕೊಡೋ ಹಾಗಿಲ್ವಾ? ಪಾತ್ರೆ ತೊಳೆಯೋ ಮಟ್ಟಿಗೆ?"

"ಒಂದೂ ಕೂಡದು" ಎಂದರು ಡಾಕ್ಟರಮ್ಮ. "ಅದಕ್ಕೆ ಮಾತ್ರೆ ಬೇಡ, ಪಾತ್ರೆ ಸಾಕು. ನಡೆದಾಡಿ ಕೆಲಸ ಮಾಡಿದ್ರೆ ಇವರಿಗೂ ಒಳ್ಳೇದೇ. ಎಲ್ಲಿ, ಔಷಧಿ ಪಟ್ಟಿ ಬರ್ದಾಯ್ತಾ?"

ನನ್ನಾಕೆ ಅಳತೆಯ ಪುಸ್ತಕ ತೆಗೆದು, ನನ್ನ ಔಷಧಿಗಳ ಪಟ್ಟಿ ಬರೆದಿದ್ದ ಹಾಳೆಗೆ ಇನ್ನೊಂದು ಸಾಲು ಸೇರಿಸಿ ಅವರ ಕೈಗಿತ್ತಳು. ನಾನು ಹಿಂದಿನಿಂದ ಇಣುಕಿ ಓದಿದೆ. ಬಿ.ಪಿ.ಯದು ಬೆಳಿಗ್ಗೆ ಒಂದು. ಕಾಲಿನ ಊತದ್ದು ಬೆಳಿಗ್ಗೆ ಒಂದು. ಪಾತ್ರೆ, ದಿನಕ್ಕೆ ಎರಡು ಸಲ, ಊಟವಾದ ಮೇಲೆ, ತಪ್ಪಿಸುವಂತಿಲ್ಲ.

ಡಾಕ್ಟರಮ್ಮ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ, ಏನನ್ನೂ ಹೊಡೆದುಹಾಕದೆ ಸಹಿ ಹಾಕಿದರು.